ತಾಳಮದ್ದಳೆಗೆ ಎಷ್ಟು ಚಾನೆಲ್ ಬೇಕು?

ಮನೆಯಲ್ಲೇ ಧ್ವನಿಮುದ್ರಣ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಯ ಜಗಲಿಯಲ್ಲಿ ತಾಳಮದ್ದಳೆ ನಡೆಯುತ್ತದೆ. ಭಾಗವತರು, ಮದ್ದಳೆ, ಚಂಡೆ, ಶ್ರುತಿಗೆ ಹಾರ್ಮೋನಿಯಂ, ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಮೂವರು ಅರ್ಥಧಾರಿಗಳು, ಕೆಲವೊಮ್ಮೆ ನಾಲ್ವರು. ನನ್ನಲ್ಲಿರುವುದು ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ, ಎರಡು ಮೈಕ್ ಹಾಕುವ ಇಂಟರ್‌ಫೇಸ್. ಚಂಡೆ ಬಿದ್ದರೆ ಪದ್ಯ ಕೇಳುವುದಿಲ್ಲ; ಅರ್ಥ ಕೇಳುವಂತೆ ಮೈಕ್ ಇಟ್ಟರೆ ಮದ್ದಳೆ ಆಚೆಮನೆಯಲ್ಲಿ ಬಾರಿಸಿದಂತಾಗುತ್ತದೆ. ಅಂಗಡಿಯವರು 18 ಇನ್‌ಪುಟ್ ಇರುವ ಯಂತ್ರ ಕೊಳ್ಳಿ ಎನ್ನುತ್ತಾರೆ, ಸ್ನೇಹಿತರು ನಾಲ್ಕು ಸಾಕು ಎನ್ನುತ್ತಾರೆ. ವಿಂಡೋಸ್ ಲ್ಯಾಪ್‌ಟಾಪ್ ಇದೆ. ವ್ಯಾಪಾರಕ್ಕಲ್ಲ, ನಮ್ಮ ಹಿರಿಯ ಅರ್ಥಧಾರಿಗಳ ಮಾತು ಉಳಿಯಲಿ ಎಂಬ ಆಸೆ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಅಂಕಣಕ್ಕೆ ಬರೆಯುವವರಲ್ಲಿ ಹೆಚ್ಚಿನವರು ಒಬ್ಬರೇ ಕುಳಿತು ಹಾಡುವವರು, ಗಿಟಾರ್ ನುಡಿಸುವವರು. ಏಳೆಂಟು ಜನ ಒಂದೇ ಜಗಲಿಯಲ್ಲಿ ಕೂಡಿ ನಡೆಸುವ ಕಲೆಗೆ ಯಂತ್ರ ಕೇಳಿದ ಪತ್ರ ಇದೇ ಮೊದಲು. ನಾನೂ ಹನ್ನೊಂದು ಮಳೆಗಾಲ ಸಾಗರದ ನಮ್ಮ ಮನೆಯಲ್ಲಿ, ಹಿಂದೆ ಅಡಿಕೆ ಚೀಲ ಪೇರಿಸಿಡುತ್ತಿದ್ದ ಉದ್ದನೆಯ ಕೋಣೆಯಲ್ಲಿ, ತಾಳಮದ್ದಳೆ ಮುದ್ರಿಸಿದವನು. ಹಾಗಾಗಿ ನಿಮ್ಮ ಜಗಲಿ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಯಂತ್ರದ ಹೆಸರಿಗೆ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಯಾರು ಎಲ್ಲಿ ಕೂರುತ್ತಾರೆ ಎಂದು ಅದರಲ್ಲಿ ಚಿತ್ರ ಬರೆಯಿರಿ. ಪ್ರತಿಯೊಬ್ಬರ ಮುಂದೆ, ಅವರ ಸದ್ದು ಬೇರೆಯಾಗಿ ಸಿಗಬೇಕೆಂದಿದ್ದರೆ, ಒಂದು ಚುಕ್ಕೆ ಇಡಿ. ಭಾಗವತರಿಗೆ ಒಂದು. ಮದ್ದಳೆಯ ಎರಡು ಮುಖಕ್ಕೆ ಎರಡು. ಚಂಡೆಗೆ ಒಂದು, ಶ್ರುತಿಗೆ ಒಂದು, ಅರ್ಥಧಾರಿಗಳಿಗೆ ಮೂರು. ಒಟ್ಟು ಎಂಟಾಯಿತು. ನಾಲ್ಕನೆಯ ಅರ್ಥಧಾರಿ ಬಂದ ದಿನ ಮದ್ದಳೆಯ ಎರಡು ಮೈಕನ್ನು ಒಂದು ಮಾಡಿದರೆ ಲೆಕ್ಕ ಮತ್ತೆ ಎಂಟಕ್ಕೇ ನಿಲ್ಲುತ್ತದೆ. ನಿಮಗೆ ಬೇಕಾಗಿರುವುದು ಎಂಟು ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಇರುವ ಇಂಟರ್‌ಫೇಸ್. ಹದಿನೆಂಟೂ ಅಲ್ಲ, ನಾಲ್ಕೂ ಅಲ್ಲ.

ಅಂಗಡಿಯವರು ಹೇಳಿದ 18 ಸುಳ್ಳಲ್ಲ, ಆದರೆ ಅದು ಮೈಕಿನ ಲೆಕ್ಕವಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20, ಬೆಹ್ರಿಂಗರ್ ಯುಎಂಸಿ1820 ಇವೆರಡರಲ್ಲೂ ಮೈಕ್ ಸಿಕ್ಕಿಸುವ ಜಾಗ ಎಂಟೇ. ಇನ್ನೆಂಟು ಚಾನೆಲ್‌ಗಳು ಏಡ್ಯಾಟ್ ಎಂಬ ಬೆಳಕಿನ ಕೇಬಲ್‌ನಲ್ಲಿ ಬರಬೇಕಾದವು, ಉಳಿದೆರಡು ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಕಿಂಡಿಯವು. ಸ್ಕಾರ್ಲೆಟ್ ಸಾಲಿನ ಹಿಂದಿನ ತಲೆಮಾರಿನ 18ಐ8ರ ಹೆಸರಿನಲ್ಲೂ 18 ಇದೆ, ಅದರಲ್ಲಿ ಮೈಕಿಗೆ ಇರುವುದು ನಾಲ್ಕು. ಮೋಟು ಎಂ4 ಹೆಸರಿನಲ್ಲಿ ನಾಲ್ಕಿದೆ, ಮೈಕಿಗೆ ಎರಡು ಮಾತ್ರ. ಮಿಕ್ಕೆರಡು ಲೈನ್ ಇನ್‌ಪುಟ್. ಕೀಬೋರ್ಡ್, ಮಿಕ್ಸರ್ ಮುಂತಾದವು ಕೊಡುವ ಬಲವಾದ ಸಂಕೇತಕ್ಕೆ ಲೈನ್ ಇನ್‌ಪುಟ್ ಸರಿ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸುವ ಪ್ರಿಆಂಪ್ ಇಲ್ಲದಿದ್ದರೆ ಭಾಗವತರ ಪದ್ಯ ಪಿಸುಮಾತಾಗಿ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಮೊದಲ ಸಲ ಕೊಂಡ ಪೆಟ್ಟಿಗೆಯ ಮೇಲೆ ಹತ್ತು ಎಂದಿತ್ತು. ಮನೆಗೆ ತಂದು ಎಣಿಸಿದರೆ ಮೈಕಿನ ತೂತು ನಾಲ್ಕು. ಆ ವರ್ಷ ಇಡೀ ಮಳೆಗಾಲ ಇಬ್ಬರು ಅರ್ಥಧಾರಿಗಳ ನಡುವೆ ಒಂದೇ ಮೈಕ್ ಇಟ್ಟು ಮುದ್ರಿಸಿದೆ. ಅದರಲ್ಲಿ ಒಬ್ಬ ಹಿರಿಯರು ಈಗಿಲ್ಲ. ಅವರ ಸಂಧಾನದ ಕೃಷ್ಣನ ಮಾತನ್ನು ಎದುರಿಗಿದ್ದ ಕೌರವನ ಕೆಮ್ಮಿನಿಂದ ಬಿಡಿಸಿ ತೆಗೆಯಲು ನನಗೆ ಇಂದಿಗೂ ಆಗಿಲ್ಲ. ಎಂಟು ಕೊಳ್ಳಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ನಾಲ್ಕು ಸಾಕು ಎನ್ನುವ ನಿಮ್ಮ ಸ್ನೇಹಿತರ ಮಾತಿನಲ್ಲೂ ಒಂದು ಸತ್ಯವಿದೆ. ತಾಳಮದ್ದಳೆಯಲ್ಲಿ ಪದ್ಯ ನಡೆಯುವಾಗ ಅರ್ಥಧಾರಿಗಳು ಸುಮ್ಮನಿರುತ್ತಾರೆ, ಅರ್ಥ ನಡೆಯುವಾಗ ಹಿಮ್ಮೇಳ ಸುಮ್ಮನಿರುತ್ತದೆ. ಹಾಗಿದ್ದಮೇಲೆ ಅರ್ಥಧಾರಿಗಳ ಮೈಕನ್ನೆಲ್ಲ ಒಂದು ಚಿಕ್ಕ ಮಿಕ್ಸರ್‌ಗೆ ಹಾಕಿ ಒಂದೇ ಲೈನ್ ಮಾಡಿ ತರಬಹುದಲ್ಲ ಎಂದು ನಾನೂ ಯೋಚಿಸಿದ್ದುಂಟು, ಒಂದು ವರ್ಷ ಹಾಗೇ ಮಾಡಿದ್ದೂ ಉಂಟು. ಆದರೆ ಸಂವಾದ ಕಾವೇರಿದಾಗ ಏನಾಗುತ್ತದೆ ಎಂದು ನಿಮಗೇ ಗೊತ್ತು: ಒಬ್ಬರ ಮಾತು ಮುಗಿಯುವ ಮೊದಲೇ ಎದುರಿನವರು ಹಿಡಿದುಕೊಳ್ಳುತ್ತಾರೆ. ಒಬ್ಬರದು ಗುಡುಗಿನ ಕಂಠ, ಇನ್ನೊಬ್ಬರದು ಮೆಲುದನಿ. ಮಿಕ್ಸರ್‌ನಲ್ಲಿ ಒಮ್ಮೆ ಕೂಡಿಹೋದ ಮೇಲೆ ಮೆಲುದನಿಯನ್ನು ಮೇಲೆತ್ತುವ ದಾರಿ ಇಲ್ಲ. ಬೇರೆ ಬೇರೆ ಟ್ರ್ಯಾಕ್ ಇದ್ದರೆ ಮರುದಿನ ನಿಧಾನವಾಗಿ ಕುಳಿತು ಸರಿಮಾಡಬಹುದು. ಮೇಲಾಗಿ ಅರ್ಥ ನಡೆಯುವಾಗ ಹಿಮ್ಮೇಳದ ಟ್ರ್ಯಾಕ್‌ಗಳನ್ನು ತಗ್ಗಿಸಿಬಿಟ್ಟರೆ ಜಗಲಿಯ ಗುಯ್ಗುಡುವಿಕೆ ಅರ್ಧಕ್ಕರ್ಧ ಹೋಗಿ ಮಾತು ಎದ್ದು ಕೂರುತ್ತದೆ. ಪೂರ್ತಿ ಮುಚ್ಚಬೇಡಿ. ಅರ್ಥದ ನಡುವೆ ಭಾಗವತರು ಹಾಕುವ ಒಂದು ಹೂಂಕಾರಕ್ಕೆ ಇರುವ ಬೆಲೆ ತಾಳಮದ್ದಳೆ ಕೇಳಿದವರಿಗೆ ತಿಳಿದಿರುತ್ತದೆ.

ಇನ್ನು ಯಂತ್ರಗಳು. ನಾನು ಮೇಲೆ ಹೇಳಿದ ಎರಡು, ಟಸ್ಕ್ಯಾಮ್ ಯುಎಸ್-16x08, ಪ್ರಿಸೋನಸ್ ಸ್ಟುಡಿಯೋ 1824ಸಿ, ಆಡಿಯಂಟ್ ಇವೊ 16: ಇವೆಲ್ಲವುಗಳಲ್ಲಿ ಎಂಟು ಮೈಕ್ ಪ್ರಿಆಂಪ್ ಇವೆ. ಜಗಲಿಯ ಮಟ್ಟಿಗೆ ಇವುಗಳ ಸದ್ದಿನ ವ್ಯತ್ಯಾಸಕ್ಕಿಂತ ಮೈಕನ್ನು ಒಂದು ಗೇಣು ಆಚೆ ಈಚೆ ಸರಿಸಿದರೆ ಆಗುವ ವ್ಯತ್ಯಾಸ ದೊಡ್ಡದು. ಟಸ್ಕ್ಯಾಮ್‌ನಲ್ಲಿ ಮಿಕ್ಕ ಎಂಟು ಕೂಡ ಲೈನ್ ಇನ್‌ಪುಟ್‌ಗಳೇ, ಬೆಳಕಿನ ಕಿಂಡಿ ಇಲ್ಲ. ಮುಂದೆ ಎಂಟು ಮೈಕ್ ಹದಿನಾರಾಗಬಹುದು ಎಂದು ಎಲ್ಲೋ ಒಂದು ಆಸೆ ಇದ್ದರೆ ಏಡ್ಯಾಟ್ ಇರುವುದನ್ನೇ ಆರಿಸಿ. ಅಲೆಸಿಸ್ ಕಂಪನಿ 1991ರಲ್ಲಿ ಎಸ್-ವಿಎಚ್‌ಎಸ್ ಕ್ಯಾಸೆಟ್ ಬಳಸುವ ಎಂಟು ಟ್ರ್ಯಾಕಿನ ಯಂತ್ರವನ್ನು ಪ್ರಕಟಿಸಿದಾಗ ಅದರ ಜೊತೆ ಬಂದ ಪದ್ಧತಿ ಇದು. ಆ ಕ್ಯಾಸೆಟ್ ಯಂತ್ರ ಮೂಲೆಗೆ ಸೇರಿ ಎಷ್ಟೋ ಕಾಲವಾಯಿತು, ಒಂದು ತೆಳ್ಳನೆಯ ಬೆಳಕಿನ ಎಳೆಯಲ್ಲಿ ಎಂಟು ಚಾನೆಲ್ ಕಳಿಸುವ ಅದರ ಪದ್ಧತಿ ಮಾತ್ರ ಹಲವು ಕಂಪನಿಗಳ ಯಂತ್ರಗಳಲ್ಲಿ ಉಳಿದಿದೆ. ಬೆಹ್ರಿಂಗರ್ ಎಡಿಎ8200ರಂಥ ಎಂಟು ಪ್ರಿಆಂಪಿನ ಪೆಟ್ಟಿಗೆಯೊಂದನ್ನು ಆ ಕಿಂಡಿಗೆ ಜೋಡಿಸಿದರೆ ಹದಿನಾರು ಮೈಕ್ ಸಿದ್ಧ.

ಕೊಳ್ಳುವ ಮೊದಲು ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್ ಪ್ರತಿ ಮೈಕಿಗೂ ಬೇರೆಯೋ, ನಾಲ್ಕಕ್ಕೆ ಒಂದು ಸ್ವಿಚ್ಚೋ? ನಾಲ್ಕಕ್ಕೆ ಒಂದಾದರೂ ತೊಂದರೆಯಿಲ್ಲ; ಕಂಡೆನ್ಸರ್‌ಗಳನ್ನೆಲ್ಲ ಒಂದು ಗುಂಪಿಗೆ ಹಾಕಿಕೊಂಡರಾಯಿತು. ಎರಡನೆಯದು, ಪ್ಯಾಡ್ ಎಂಬ ತಗ್ಗಿಸುವ ಗುಂಡಿ. ಚಂಡೆಯ ಪೆಟ್ಟು ಬೀಳುವಾಗ ಗೇನ್ (ಹಿಗ್ಗಿಸುವ ಪ್ರಮಾಣ) ಪೂರ್ತಿ ಇಳಿಸಿದರೂ ಕೆಂಪು ದೀಪ ಹತ್ತುವುದನ್ನು ನಾನು ನೋಡಿದ್ದೇನೆ. ಪ್ಯಾಡ್ ಇಲ್ಲದ ಯಂತ್ರವಾದರೆ ಚಂಡೆಯಿಂದ ಮೈಕನ್ನು ಮೂರು ಮೊಳ ದೂರ ಸರಿಸಬೇಕಾಗುತ್ತದೆ. ಅಷ್ಟು ದೂರದಲ್ಲಿ ಅದು ಚಂಡೆಯ ಮೈಕಾಗಿ ಉಳಿಯುವುದಿಲ್ಲ, ಜಗಲಿಯ ಮೈಕಾಗುತ್ತದೆ. ಮೂರನೆಯದು ವಿಂಡೋಸ್‌ಗೆ ಕಂಪನಿಯದೇ ಆಸಿಯೋ ಡ್ರೈವರ್ (ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಸದ್ದು ಸಾಗಿಸುವ ತಂತ್ರಾಂಶ), ಅದೂ ನಿಮ್ಮ ವಿಂಡೋಸ್ ಆವೃತ್ತಿಗೆ ಹೊಂದುವಂಥದ್ದು.

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುವ ಎರಡು ವಿಷಯಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಲೇಟೆನ್ಸಿ, ಅಂದರೆ ಹಾಡಿದ್ದು ಹೆಡ್‌ಫೋನಿಗೆ ಮರಳಿ ಬರುವಾಗಿನ ತಡ, ಒಬ್ಬರೇ ಟ್ರ್ಯಾಕಿನ ಮೇಲೆ ಟ್ರ್ಯಾಕ್ ಹಾಡುವವರ ತಲೆನೋವು. ತಾಳಮದ್ದಳೆಯಲ್ಲಿ ಯಾರೂ ಹೆಡ್‌ಫೋನ್ ಹಾಕಿಕೊಳ್ಳುವುದಿಲ್ಲ; ಮದ್ದಳೆಯವರು ಭಾಗವತರ ಮುಖ ನೋಡಿಯೇ ಬಾರಿಸುತ್ತಾರೆ. ಮೂಲೆಯಲ್ಲಿ ಕುಳಿತ ನಿಮಗೊಂದು ಹೆಡ್‌ಫೋನ್ ಸಾಕು, ಬಫರ್ (ಲ್ಯಾಪ್‌ಟಾಪ್ ಸದ್ದನ್ನು ಕೂಡಿಟ್ಟುಕೊಳ್ಳುವ ಕಂತು) 512ಕ್ಕೋ 1024ಕ್ಕೋ ಇಟ್ಟು ಲ್ಯಾಪ್‌ಟಾಪಿಗೆ ಉಸಿರಾಡಲು ಬಿಡಿ. ಹಾಗೆಯೇ ಥಂಡರ್‌ಬೋಲ್ಟ್ ಎಂಬ ಅತಿವೇಗದ ಕಿಂಡಿ ಬೇಕಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎಂಟು ಚಾನೆಲ್ ಎಂದರೆ ಸೆಕೆಂಡಿಗೆ ಒಂಬತ್ತು ಮೆಗಾಬಿಟ್‌ಗಿಂತ ತುಸು ಹೆಚ್ಚು. ಹಳೆಯ ಯುಎಸ್‌ಬಿ 2ರ ಹಾದಿಯೇ 480 ಮೆಗಾಬಿಟ್ ಅಗಲವಿದೆ. ಡಿಸ್ಕಿನಲ್ಲಿ ಗಂಟೆಗೆ ಸುಮಾರು 4.2 ಜಿಬಿ, ನಾಲ್ಕು ಗಂಟೆಯ ಪ್ರಸಂಗಕ್ಕೆ 17 ಜಿಬಿ ಖಾಲಿ ಇದ್ದರೆ ಆಯಿತು.

ನಿಮ್ಮ ಊರಿಗೆ ಲೇಟೆನ್ಸಿಗಿಂತ ದೊಡ್ಡ ಪ್ರಶ್ನೆ ಕರೆಂಟಿನದು. ನೀವು ಈಗ ಬಳಸುವ ಎರಡು ಮೈಕಿನ ಯಂತ್ರ ಬಹುಶಃ ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುತ್ತದೆ. ಎಂಟು ಮೈಕಿನ ಯಂತ್ರಕ್ಕೆ ಅದು ಸಾಲದು. ಯುಎಸ್‌ಬಿ 2ರ ಕಿಂಡಿ ಕೊಡುವುದು ಎರಡೂವರೆ ವ್ಯಾಟ್ ಮಾತ್ರ. ಹೀಗಾಗಿ ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬದುಕಿರುತ್ತದೆ, ಇಂಟರ್‌ಫೇಸ್ ಸತ್ತಿರುತ್ತದೆ. ಒಮ್ಮೆ ನಮ್ಮಲ್ಲಿ ವಾಲಿವಧೆಯ ನಡುವೆ ಹೀಗಾಯಿತು. ಲಾಟೀನು ಹಚ್ಚಿ ಅರ್ಥ ಮುಂದುವರಿಯಿತು, ವಾಲಿ ಬಾಣ ತಗುಲಿ ಬಿದ್ದು ರಾಮನನ್ನು ಕೇಳುವ ಮಾತುಗಳು ಆ ರಾತ್ರಿ ಎಂದೂ ಬಂದಿರದಷ್ಟು ಚೆನ್ನಾಗಿ ಬಂದವು, ನನ್ನ ಪರದೆಯ ಮೇಲೆ ಎಂಟು ಸಪಾಟು ಗೆರೆಗಳಿದ್ದವು. ಕೊಳ್ಳುವಾಗಲೇ ಯಂತ್ರದ ಹಿಂಬದಿ ನೋಡಿ. ಹೊರಗಿನ ಅಡಾಪ್ಟರ್ ಇದ್ದು ಅದರ ಮೇಲೆ 12 ವೋಲ್ಟ್ ಡಿಸಿ ಎಂದಿದ್ದರೆ, ಮನೆಯ ವೈಫೈ ಪೆಟ್ಟಿಗೆಗೆ ಬಳಸುವಂಥ ಚಿಕ್ಕ ಬ್ಯಾಟರಿ ಯುಪಿಎಸ್ ಸಾಕಾಗಬಹುದು. ಆಂಪಿಯರ್ ಎಷ್ಟು, ಪಿನ್ನಿನ ಒಳಗು ಹೊರಗಿನ ಧ್ರುವ ಯಾವುದು ಎಂಬುದನ್ನು ಹೊಂದಿಸಿಯೇ ಹಾಕಬೇಕು. ಮೂರು ಪಿನ್ನಿನ ದಪ್ಪ ವೈರ್ ನೇರವಾಗಿ ಹೋಗುವ ಯಂತ್ರವಾದರೆ ಕಂಪ್ಯೂಟರ್ ಯುಪಿಎಸ್ ಬೇಕು. ಇದರ ಜೊತೆಗೆ ನಿಮ್ಮ ಮೊಬೈಲನ್ನೂ ಮುದ್ರಣಕ್ಕೆ ಹಚ್ಚಿ ಭಾಗವತರ ಮುಂದೆ ಇಟ್ಟುಬಿಡಿ. ನಾನು ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಬೇರೆಯವರ ಮನೆಗಳಿಗೂ ಹೋಗಿ ಮುದ್ರಿಸುವ ಯೋಚನೆ ಇದ್ದರೆ ಜೂಮ್ ಲೈವ್‌ಟ್ರ್ಯಾಕ್ ಎಲ್-12 ಒಮ್ಮೆ ನೋಡಿ. ಮಿಕ್ಸರ್, ಇಂಟರ್‌ಫೇಸ್, ರೆಕಾರ್ಡರ್ ಮೂರೂ ಒಂದರಲ್ಲೇ. ಎಂಟು ಮೈಕ್ ಪ್ರಿಆಂಪ್ ಇವೆ. ಲ್ಯಾಪ್‌ಟಾಪ್ ಇಲ್ಲದೆಯೇ ಎಸ್‌ಡಿ ಕಾರ್ಡಿಗೆ ಪ್ರತಿ ಚಾನೆಲನ್ನೂ ಬೇರೆಯಾಗಿ ಬರೆಯುತ್ತದೆ. ಅದಕ್ಕೂ ಅಡಾಪ್ಟರ್ ಬೇಕು, ಆದ್ದರಿಂದ ಯುಪಿಎಸ್ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಇದ್ದ ಹಣವನ್ನೆಲ್ಲ ಇಂಟರ್‌ಫೇಸಿಗೆ ಸುರಿಯಬೇಡಿ. ಎಂಟು ಮೈಕ್, ಎಂಟು ಸ್ಟ್ಯಾಂಡ್, ಐದು ಮೀಟರಿಗೆ ಕಡಿಮೆಯಿಲ್ಲದ ಎಂಟು ಎಕ್ಸ್‌ಎಲ್‌ಆರ್ ಕೇಬಲ್ ಬೇಕೇ ಬೇಕು. ಒಟ್ಟು ಹಣದ ಮೂರನೇ ಒಂದು ಭಾಗ ಯಂತ್ರಕ್ಕೆ ಎಂಬುದು ನನ್ನ ಲೆಕ್ಕ. ಭಾಗವತರಿಗೆ ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕೇ ಇರಲಿ. ಅವರ ಕೈಯ ತಾಳ ಬಾಯಿಗೆ ಅಷ್ಟು ಹತ್ತಿರವಿರುವುದರಿಂದ ಸೂಕ್ಷ್ಮವಾದ ಕಂಡೆನ್ಸರ್ ಇಟ್ಟರೆ ಪದ್ಯಕ್ಕಿಂತ ತಾಳದ ಕಿಣಿಕಿಣಿಯೇ ಮುಂದೆ ಬರುತ್ತದೆ. ಇಂಥ ಕಾರ್ಡಿಯಾಯ್ಡ್ ಮೈಕಿಗೆ ಅತಿ ಕಡಿಮೆ ಕೇಳುವುದು ಅದರ ಬೆನ್ನಿನ ಕಡೆ. ಆ ಬೆನ್ನು ಚಂಡೆಯತ್ತ ತಿರುಗಿರುವಂತೆ ಇಬ್ಬರನ್ನೂ ಕೂರಿಸಿದರೆ ನಿಮ್ಮ ಪತ್ರದ ಮೊದಲ ದೂರು ಬಹುಪಾಲು ಅಲ್ಲೇ ತೀರುತ್ತದೆ. ಅರ್ಥಧಾರಿಗಳು ಎದುರಾಳಿಯ ಕಡೆಗೆ ಹೊರಳಿ ಮಾತನಾಡುವವರು, ಆದ್ದರಿಂದ ಅವರ ಮೈಕ್ ನೇರ ಮುಂದಕ್ಕಲ್ಲ, ಎದುರಾಳಿ ಕೂತ ಕಡೆಗೆ ಸ್ವಲ್ಪ ಸರಿದು, ಒಂದೂವರೆ ಗೇಣು ದೂರದಲ್ಲಿ, ಬೀಸುವ ಕೈಗೆ ಸಿಗದಷ್ಟು ಕೆಳಗೆ ಇರಲಿ. ಗೇನ್ ಇಡುವಾಗ ಮೆಲ್ಲಗೆ ಮಾತನಾಡಿಸಿ ನೋಡಬೇಡಿ. ಕೌರವನ ಪಾತ್ರದವರನ್ನು ಒಮ್ಮೆ ಗರ್ಜಿಸಲು ಕೇಳಿಕೊಳ್ಳಿ, ಅದರ ತುದಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ. 24 ಬಿಟ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ಏನೂ ನಷ್ಟವಿಲ್ಲ.

ಪ್ರಶ್ನೆ: ಎರಡು ಮೈಕಿನ ಇಂಟರ್‌ಫೇಸ್ ಇದೆ. ಅದೇ ಮಾದರಿಯ ಇನ್ನೊಂದನ್ನು ಕೊಂಡು ಎರಡನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿದರೆ ನಾಲ್ಕು ಚಾನೆಲ್ ಆಗುವುದಿಲ್ಲವೇ? ನಮ್ಮದು ಪಿಟೀಲು, ಮೃದಂಗ, ಹಾಡು.
– ಓದುಗರೊಬ್ಬರು, ಮೈಸೂರು

ಉತ್ತರ: ಮ್ಯಾಕ್ ಆದರೆ ಆಗುತ್ತದೆ. ಅದರಲ್ಲಿ ಎರಡು ಯಂತ್ರಗಳನ್ನು ಸೇರಿಸಿ ಒಂದೆಂದು ತೋರಿಸುವ, ಎರಡರ ನಡುವಿನ ಜಾರುವಿಕೆಯನ್ನು ತಿದ್ದುವ ಏರ್ಪಾಡು ಮೊದಲೇ ಇದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಆಸಿಯೋ ಡ್ರೈವರ್ ನಡೆಯುತ್ತದೆ.

ಜಾರುವಿಕೆ ಏಕೆಂದರೆ ಪ್ರತಿ ಇಂಟರ್‌ಫೇಸಿನ ಒಳಗೂ ಒಂದು ಹರಳಿನ ಗಡಿಯಾರವಿದೆ. ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುವುದು ಅದರ ಲಯದಲ್ಲಿ. ಎರಡು ಹರಳುಗಳು ಹತ್ತು ಲಕ್ಷದಲ್ಲಿ ಇಪ್ಪತ್ತರಷ್ಟು ಬೇರೆಯಾದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ನಾನು ಒಮ್ಮೆ ಎರಡು ಲ್ಯಾಪ್‌ಟಾಪ್, ಎರಡು ಯಂತ್ರ ಇಟ್ಟು, ಮೊದಲಿಗೆ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಅದನ್ನು ಹೊಂದಿಸಿಕೊಳ್ಳಬಹುದೆಂದು ಒಂದೂವರೆ ಗಂಟೆ ಕಛೇರಿ ಮುದ್ರಿಸಿದೆ. ವರ್ಣದಲ್ಲಿ ಎಲ್ಲ ಸರಿಯಾಗಿತ್ತು. ತನಿ ಆವರ್ತನಕ್ಕೆ ಬರುವಷ್ಟರಲ್ಲಿ ಮೃದಂಗದ ಪ್ರತಿ ಚಾಪೂ ಎರಡೆರಡಾಗಿ ಕೇಳುತ್ತಿತ್ತು, ಬಾವಿಯಲ್ಲಿ ಕೂಗಿದಂತೆ. ಕೃತಿ ಕೃತಿಯಾಗಿ ತುಂಡರಿಸಿ ಮತ್ತೆ ಮತ್ತೆ ಹೊಂದಿಸಲು ಮೂರು ಭಾನುವಾರ ಬೇಕಾಯಿತು.

ಈಗಿರುವುದನ್ನು ಮಾರಿ ನಾಲ್ಕು ಮೈಕ್ ಪ್ರಿಆಂಪಿನ ಒಂದನ್ನೇ ಕೊಳ್ಳಿ; ಬೆಹ್ರಿಂಗರ್ ಯುಎಂಸಿ404ಎಚ್‌ಡಿ, ಆಡಿಯಂಟ್ ಇವೊ 8 ಎರಡೂ ಅಂಥವು. ಹಾಡಿಗೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎಡ ಬಲಕ್ಕೆ ಎರಡು. ತಂಬೂರಿಯ ಪೆಟ್ಟಿಗೆಯನ್ನು ಹಾಡುವವರ ಹಿಂದೆ ಮೆಲ್ಲಗೆ ಇಟ್ಟರೆ ಅವರ ಮೈಕಿನಲ್ಲೇ ಬೇಕಾದಷ್ಟು ಬರುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಎಂಟು ಮೈಕಿನ ಹಳೆಯ ಫೈರ್‌ವೈರ್ ಇಂಟರ್‌ಫೇಸನ್ನು ತುಂಬ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇಡ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಎಂಬ ಆ ಹಳೆಯ ಕಿಂಡಿಯೇ ಇಲ್ಲ, ಕಂಪನಿಗಳು ಹೊಸ ಡ್ರೈವರ್ ಬರೆಯುವುದನ್ನೂ ನಿಲ್ಲಿಸಿವೆ. ಒಂದೇ ಒಂದು ಸಂದರ್ಭದಲ್ಲಿ ನೋಡಬಹುದು: ಅದರಲ್ಲಿ ಏಡ್ಯಾಟ್ ಔಟ್ ಇದ್ದು, ಕಂಪ್ಯೂಟರ್ ಇಲ್ಲದೆ ತಾನೇ ಬರಿಯ ಪ್ರಿಆಂಪ್ ಪೆಟ್ಟಿಗೆಯಾಗಿ ಕೆಲಸ ಮಾಡುವಂತಿದ್ದು, ನಿಮ್ಮಲ್ಲಿ ಏಡ್ಯಾಟ್ ಇನ್ ಇರುವ ಹೊಸ ಯಂತ್ರ ಇದ್ದರೆ. ಅವರ ಮನೆಯಲ್ಲೇ ಜೋಡಿಸಿ, ಎಂಟೂ ಮೈಕ್ ಹಾಕಿ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಹೊಸ ಎಂಟು ಚಾನೆಲ್ ಇಂಟರ್‌ಫೇಸ್ ತಂದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ ಕೂಡಲೇ ಎಲ್ಲ ಚಾನೆಲ್‌ಗಳಲ್ಲೂ ಗುಂಯ್ ಎನ್ನುತ್ತದೆ. ಯಂತ್ರ ಕೆಟ್ಟಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಚಾರ್ಜರ್ ತೆಗೆದಾಗ ನಿಲ್ಲುವುದಾದರೆ ಯಂತ್ರ ಸರಿಯಾಗಿಯೇ ಇದೆ. ನಮ್ಮ ಕರೆಂಟು 50 ಹರ್ಟ್ಸಿನದು. ಆ 50, ಅದರ ದುಪ್ಪಟ್ಟು 100, ಇವೇ ನಿಮಗೆ ಕೇಳುತ್ತಿರುವ ಗುಂಯ್. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಬೇರೆ ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದ್ದರೆ ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಸ್ಪೀಕರ್‌ಗೆ ಹೊರಗಿನ ಗುಂಯ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅಷ್ಟಾದರೂ ಹೋಗದಿದ್ದರೆ ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಅರ್ತಿಂಗ್ ಗುಂಡಿ ಇರುತ್ತದೆ. ಮಳೆಗಾಲದಲ್ಲಿ ಮಣ್ಣು ಒದ್ದೆಯಾಗಿರುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಬಿಡುತ್ತದೆ; ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ರೂಢಿ ಅದಕ್ಕೇ ಬಂದದ್ದು. ಸದ್ದು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಕ್ ಹಿಡಿದವರ ಕೈಗೆ ಷಾಕ್ ಹೊಡೆಯದಂತೆ ಕಾಯುವುದು ಆ ಪಿನ್ನೇ. ಎಲೆಕ್ಟ್ರಿಷಿಯನ್ ಬರುವವರೆಗೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆಯೇ ಮುದ್ರಿಸಿ.